ಆಡಿನ ಗುಂಡಿಗೆ ಮತ್ತು ಹತ್ತನೇ ಕ್ಲಾಸು

"ಗುಂಡಿಗಿ ಸೀಳಬ್ಯಾಡ್ರಿ ಚಾಚಾ, ಮ್ಯಾಲಿನ ಕೊಳವಿ ಉದ್ದ ಬಿಟ್ಟು ಕೊಯ್ರಿ" ಅಂದರೆ ಸಾಕು, ವಿಜಯಪುರದ ನನ್ನ ಕಾಯಂ ಮಟನ್ ಅಂಗಡಿಯವರಿಗೆ ತಿಳಿಯುತ್ತದೆ. "ಅಡಗಿಗಲ್ಲ, ಸಾಲಿಗಿ. ಹೌದಲ್ರಿ ಮಾಸ್ತರ?"

ಹತ್ತನೇ ಕ್ಲಾಸಿನ ಹೃದಯದ ಪಾಠಕ್ಕೆ ನನಗೆ ಇದು ಬೇಕೇ ಬೇಕು. ಪುಸ್ತಕದ ಚಿತ್ರದಲ್ಲಿ ಅರ್ಧ ನೀಲಿ, ಅರ್ಧ ಕೆಂಪು, ಎರಡೂ ಪಾಲು ಸರಿಸಮ. ನಿಜದಲ್ಲಿ ನಮ್ಮ ಮೈಯಲ್ಲಾಗಲಿ ಆಡಿನ ಮೈಯಲ್ಲಾಗಲಿ ನೀಲಿ ರಕ್ತವೇ ಇಲ್ಲ. ಆಮ್ಲಜನಕ ಕಡಿಮೆಯಾದದ್ದು ಕಪ್ಪುಗೆಂಪು, ಅಷ್ಟೇ. ಸರಿಸಮ ಅನ್ನುವುದಂತೂ ಹೆಬ್ಬೆರಳಿನಿಂದ ಒತ್ತಿದ ಕೂಡಲೇ ಸುಳ್ಳಾಗುತ್ತದೆ. ಬಲಗಡೆ ಮೆತ್ತಗೆ ಒಳಗೆ ಹೋಗುತ್ತದೆ, ಎಡಗಡೆ ಜಪ್ಪಯ್ಯ ಅಂದರೂ ಬಗ್ಗದು. ಎಡ ಹೃತ್ಕುಕ್ಷಿಯ, ಅಂದರೆ ರಕ್ತ ಹೊರಗೆ ತಳ್ಳುವ ಕೆಳಗಿನ ಕೋಣೆಯ, ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಬಲದ್ದು ರಕ್ತ ಕಳಿಸುವುದು ಮಗ್ಗುಲಲ್ಲೇ ಇರುವ ಶ್ವಾಸಕೋಶಕ್ಕೆ. ಮನುಷ್ಯರಲ್ಲಿ ಅದಕ್ಕೆ 25 ಮಿ.ಮೀ. ಪಾದರಸದಷ್ಟು ಒತ್ತಡ ಸಾಕು. ಎಡದ್ದು ನೆತ್ತಿಯಿಂದ ಅಂಗಾಲಿನ ತನಕ ತಳ್ಳಬೇಕು, ಅದಕ್ಕೇ 120. ಬಿಪಿ ನೋಡುವಾಗ ಡಾಕ್ಟರು ಹೇಳುವ ಮೇಲಿನ ಅಂಕಿ ಇದೇ.

"ಹಂಗಾರ ಎಡಕ್ಕ ರಕ್ತಾನೂ ಜಾಸ್ತಿ ಹೋಗ್ತದೇನ್ರಿ ಸರ್?" ಅಂತ ಈ ವರ್ಷ ಒಬ್ಬ ಹುಡುಗಿ ಕೇಳಿದಳು. ಇಂಥ ಪ್ರಶ್ನೆಗೆ ಕಾಯುತ್ತಿರುತ್ತೇನೆ. ಇಲ್ಲ, ಒಂದು ಬಡಿತಕ್ಕೆ ಎರಡೂ ಕಡೆಯಿಂದ ಸುಮಾರು 70 ಮಿ.ಲೀ., ನಿಮಿಷಕ್ಕೆ 5 ಲೀಟರ್ ಹತ್ತಿರ. ಬಲದಿಂದ ಹೊರಟದ್ದೇ ಶ್ವಾಸಕೋಶ ಸುತ್ತಿ ಎಡಕ್ಕೆ ಬರಬೇಕು, ಎಡದಿಂದ ಹೊರಟದ್ದೇ ಮೈ ಸುತ್ತಿ ಬಲಕ್ಕೆ. ಎಡದ್ದು ಸೋತು ಬಲದ್ದು ತಳ್ಳುತ್ತಲೇ ಇದ್ದರೆ ನಡುವಿನ ಶ್ವಾಸಕೋಶದಲ್ಲಿ ರಕ್ತ ಒಟ್ಟಿ, ನೀರು ಒಸರುತ್ತದೆ. ಹಾರ್ಟ್ ವೀಕಾದವರು ರಾತ್ರಿ ಅಂಗಾತ ಮಲಗಲಾರದೆ ಎದ್ದು ಕೂತು ತೇಕುವುದು ಇದಕ್ಕೇ.

"ನಮ್ಮ ಮುತ್ಯಾ ಹಂಗ ಕೂಡ್ತಾನ್ರಿ" ಅಂದಳು. ಉಬ್ಬಸ ಅಂತ ಮನೆಯಲ್ಲೇ ಕಷಾಯ ಕುಡಿಸುತ್ತ ಕೂಡಬೇಡ್ರಿ, ದವಾಖಾನಿಗೆ ತೋರಿಸಿ ಇಸಿಜಿ ಮಾಡಿಸ್ರಿ ಅಂದೆ.

ಆಮೇಲೆ ನೀರಿನ ಆಟ. ಹೆಪ್ಪುಗಟ್ಟಿದ ರಕ್ತ ತೊಳೆದು, ಎಡಗಡೆಯಿಂದ ಮೈಗೆ ರಕ್ತ ಒಯ್ಯುವ ದೊಡ್ಡ ಕೊಳವೆಯಾದ ಮಹಾಪಧಮನಿಯ ಬಾಯಿಗೆ ಮೇಲಿನಿಂದ ನೀರು ಸುರಿದರೆ ಕೆಳಗೆ ಇಳಿಯದೆ ತುಂಬಿ ನಿಲ್ಲುತ್ತದೆ. ಬುಡದಲ್ಲಿ ಜೇಬಿನಂಥ ಮೂರು ತೆಳು ಪದರ ಉಬ್ಬಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮನೆಯಲ್ಲಿ ಮಾಂಸ ಮುಟ್ಟದ ಹುಡುಗರೂ ಇದಕ್ಕೆ ಕತ್ತು ಚಾಚುತ್ತಾರೆ. 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ರಕ್ತ ಸುತ್ತುತ್ತದೆ ಅಂತ ಸಾಧಿಸಿದ್ದಕ್ಕೆ ಇಂಥ ಒಮ್ಮುಖ ಕವಾಟಗಳೂ ಆಧಾರ. ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಿಂದ, ವಾಪಸು ತರುವ ಅಭಿಧಮನಿಗೆ ದಾಟುವ ದಾರಿ ಮಾತ್ರ ಅವನಿಗೆ ಕಾಣಲಿಲ್ಲ. 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಆ ದಾರಿ, ಅಂದರೆ ಕೂದಲಿಗಿಂತ ಸಣ್ಣ ಲೋಮನಾಳ, ಕಂಡ.

ನಮ್ಮ ಮೈಕ್ರೋಸ್ಕೋಪಿಗೆ ಮೀನಿನ ಬಾಲ ಸಾಕು. ಒದ್ದೆ ಹತ್ತಿಯಲ್ಲಿ ಸುತ್ತಿ ಬಾಲವನ್ನು ಗಾಜಿನ ಮೇಲಿಟ್ಟರೆ ರಕ್ತಕಣ ಸಾಲುಗಟ್ಟಿ ಹೋಗುವುದು ಕಾಣುತ್ತದೆ. ಜೀವಂತ ಮೀನು ತರುವ ಹೊಣೆ ಹಿಂದಿನ ಬೆಂಚಿನವರದು.