ಎಲ್ಲೂ ಕಲಿತಿಲ್ರಿ

ಬುಧವಾರದಿಂದ ಆ ಮಾತು ಕಿವಿಯಲ್ಲೇ ಕೂತಿದೆ.

ಬೆಳಗಾವಿಯಲ್ಲಿ ವೃತ್ತಿ ಶಿಕ್ಷಣ ಸಂಶೋಧನೆಯ ಸಮ್ಮೇಳನ. ಮಧ್ಯಾಹ್ನದ ಗೋಷ್ಠಿಗೆ ಉದ್ಯಮಬಾಗದ ಫೌಂಡ್ರಿಯೊಂದರಿಂದ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಿಂದ, ಹಿರಿಯ ಮೋಲ್ಡರ್ ಒಬ್ಬರನ್ನು ಕರೆಸಿದ್ದರು. ಉಸುಕಿನಲ್ಲಿ ಅಚ್ಚು ಕಟ್ಟುವುದು ಅವರ ಕೆಲಸ. ಪ್ರಬಂಧ ಮಂಡಿಸುತ್ತಿದ್ದ ಹುಡುಗ ಮೈಕು ಅವರ ಮುಂದೆ ಹಿಡಿದು, “ಈ ಕೆಲಸ ಎಲ್ಲಿ ಕಲಿತಿರಿ?” ಅಂದ.

“ಎಲ್ಲೂ ಕಲಿತಿಲ್ರಿ ಸರ. ಮಾಡ್ಕೋತ ಬಂದೀನಿ.”

ಹುಡುಗ ನಮ್ಮ ಕಡೆ ತಿರುಗಿ, “ಅಂದರೆ ತರಬೇತಿ ಇಲ್ಲ” ಎಂದು ಮುಂದಿನ ಸ್ಲೈಡಿಗೆ ಹೋದ. ಕೆಟ್ಟವನಲ್ಲ, ಚೆನ್ನಾಗಿ ಓದಿಕೊಂಡಿದ್ದಾನೆ. ಆದರೆ ಅವನು ಉಸುಕು ಮುಟ್ಟಿದವನಲ್ಲ.

ಬೆಳಿಗ್ಗೆಯಷ್ಟೇ ನಾನು ಕಣ್ಣಾರೆ ನೋಡಿದ್ದೆ. ಅಲ್ಲಿನ ಪ್ರಯೋಗಾಲಯದಲ್ಲಿ ಅಚ್ಚಿನ ಉಸುಕಿನ ರಾಶಿ ಇತ್ತು. ಆ ಮೋಲ್ಡರ್ ಒಂದು ಹಿಡಿ ತೆಗೆದು ಮುಷ್ಟಿ ಬಿಗಿದರು, ಉಂಡೆಯನ್ನು ನಡುವೆ ಮುರಿದು ಅಂಚು ನೋಡಿದರು. “ನೀರು ಹೆಚ್ಚಾಗೇದ. ಹಿಂಗ ಹೊಯ್ದ್ರ ಎರಕದಾಗ ಗಾಳಿಗುಳ್ಳಿ ಏಳ್ತಾವ.” ನಾನು ಐಟಿಐನಲ್ಲಿ ಫೌಂಡ್ರಿಮನ್ ಟ್ರೇಡ್ ಕಲಿಸುವವನು. ತೇವ ಶೇ. 3ರಿಂದ 4 ಇರಬೇಕು ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ, ಮೀಟರಿಟ್ಟು ತೋರಿಸುತ್ತೇನೆ. ಅವರ ಅಂಗೈಯಲ್ಲೇ ಆ ಮೀಟರು ಇತ್ತು.

ನಮ್ಮವ್ವನೂ ಹೀಗೇ. ಇಳಕಲ್ಲಿನ ಮನೆಯಲ್ಲಿ ಕುಣಿಮಗ್ಗದ ಬದಿ ಕೂತು, ಒಡಲಿನ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದಳು. ಒಂದು ಎಳೆ ತಪ್ಪಿದರೂ ಸೀರೆಯಲ್ಲಿ ಎದ್ದು ಕಾಣುತ್ತದೆ. ಗಣತಿಯವರು ಬಂದು ಕೇಳಿದರೆ, “ಏನೂ ಮಾಡಂಗಿಲ್ರಿ, ಮನ್ಯಾಗಿರ್ತೀನಿ” ಅನ್ನುತ್ತಿದ್ದಳು.

ಸರ್ಕಾರದ ಶ್ರಮಶಕ್ತಿ ಸಮೀಕ್ಷೆಯಲ್ಲೇ ವಂಶಪಾರಂಪರ್ಯವಾಗಿ ಕಲಿತವರು, ತಾವೇ ಕಲಿತವರು, ಕೆಲಸ ಮಾಡುತ್ತ ಕಲಿತವರು ಎಂದು ಬೇರೆಬೇರೆ ಕಲಮುಗಳಿವೆ. 2015ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ದಾರಿಯೂ ಇದೆ. ಇದೆಲ್ಲ ನನಗೆ ಗೊತ್ತಿತ್ತು. ಎದ್ದು ನಿಂತು ಹೇಳಬೇಕಿತ್ತು, ಹೇಳಲಿಲ್ಲ. ಆಮೇಲೆ ಅವರಿಗೆ ಶಾಲು ಹೊದಿಸಿದಾಗ ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆ ನನಗಿನ್ನೂ ಚುಚ್ಚುತ್ತಿದೆ. ಶಾಲಿಗಿಂತ ಆ ಸಮೀಕ್ಷೆಯ ಪಟ್ಟಿಯಲ್ಲಿ ಒಂದು ಸರಿಯಾದ ಗುರುತು ದೊಡ್ಡದಿತ್ತು.

ಸಂಜೆ ಚಹಾ ಕುಡಿಯುವಾಗ ಅವರ ಪಕ್ಕ ಹೋಗಿ ಕೂತೆ. “ಮೊದಲು ಯಾರು ಹೇಳಿಕೊಟ್ಟರು?” ಎಂದೆ. ಮುಖ ಅರಳಿತು. ಆರು ತಿಂಗಳು ಬರೀ ಉಸುಕು ಸೋಸಿದ್ದು, ಒಂದು ವರ್ಷ ಅಚ್ಚಿನ ಪೆಟ್ಟಿಗೆಯಲ್ಲಿ ಉಸುಕು ಕುಟ್ಟಿದ್ದು, ಹೆಚ್ಚು ಕುಟ್ಟಿದರೆ ಉಸ್ತಾದ ಪೆಟ್ಟಿಗೆಯನ್ನೇ ಮಗುಚಿ ಮತ್ತೆ ಮೊದಲಿಂದ ಮಾಡಿಸಿದ್ದು, ಮೂರನೇ ವರ್ಷ ಕೋರ್ (ಎರಕದೊಳಗೆ ಪೊಳ್ಳು ಉಳಿಸುವ ಉಸುಕಿನ ತುಂಡು) ಇಡಲು ಕೈ ಹಚ್ಚಗೊಟ್ಟದ್ದು, ಎಲ್ಲ ಹೇಳಿದರು. ನಮ್ಮ ಟ್ರೇಡಿನ ಅವಧಿ ಒಂದೇ ವರ್ಷ.

“ಮತ್ತ ಅಲ್ಲಿ ಎಲ್ಲೂ ಕಲಿತಿಲ್ಲ ಅಂದ್ರಲ್ರಿ?”

“ಎಲ್ಲಿ ಅಂತ ಕೇಳಿದ್ರಲ್ರಿ. ಸಾಲಿಗಿ ಹೋಗಿದ್ದಿಲ್ಲ. ಯಾರ ಕಡೆ ಅಂತ ಕೇಳಿದ್ರ ಹೇಳ್ತಿದ್ನಿ.”

ಆಮೇಲೆ ಉಸ್ತಾದರ ಹೆಸರು ಹೇಳಿದರು. ಹೇಳುವ ಮೊದಲು ಚಹಾದ ಕಪ್ಪು ಕೆಳಗಿಟ್ಟು, ಎರಡೂ ಕಿವಿ ಮುಟ್ಟಿಕೊಂಡರು.