ಗೊಬ್ಬರ ಮಣ್ಣಲ್ಲಿದೆ, ಬೇರಿಗೆ ಸಿಗುತ್ತಿಲ್ಲ

ಮಣ್ಣು ಪರೀಕ್ಷೆಯ ವರದಿ ರಂಜಕ ಸಾಕಷ್ಟಿದೆ ಎನ್ನುತ್ತದೆ. ಹೊಲದಲ್ಲಿ ನೋಡಿದರೆ ಎಳೆ ಮೆಕ್ಕೆಜೋಳದ ಹಳೆ ಎಲೆಗಳು ನೇರಳೆಗೆ ತಿರುಗಿವೆ. ಎರಡೂ ನಿಜವಿರಬಹುದು. ಬೇರು ಹೀರುವುದು ಮಣ್ಣಿನ ತೇವದಲ್ಲಿ ಕರಗಿ, ತನ್ನ ಮೈವರೆಗೂ ಬಂದ ಅಯಾನುಗಳನ್ನಷ್ಟೇ, ಅಂದರೆ ವಿದ್ಯುದಂಶ ಹೊತ್ತ ಪೋಷಕಾಂಶದ ಕಣಗಳನ್ನಷ್ಟೇ.

ಸಾರಜನಕದ ಒಂದು ರೂಪವಾದ ನೈಟ್ರೇಟ್‌ಗೆ ಈ ಪಯಣ ಸಲೀಸು. ಎಲೆಗಳಿಂದ ನೀರು ಆವಿಯಾದಂತೆ ಬೇರಿನತ್ತ ನೀರು ಸರಿಯುತ್ತದೆ, ಜೊತೆಗೇ ನೈಟ್ರೇಟ್ ಬರುತ್ತದೆ. ಜೋರು ಮಳೆಗೆ ಅಷ್ಟೇ ಸುಲಭವಾಗಿ ಬೇರಿನ ಕೆಳಕ್ಕೂ ಇಳಿದುಹೋಗುತ್ತದೆ. ಮಣ್ಣಿನಲ್ಲಿ ನೈಟ್ರೇಟ್ ಆಗುವ ಯೂರಿಯಾವನ್ನು ಕಂತಿನಲ್ಲಿ ಕೊಡುವುದು ಅದಕ್ಕೇ.

ರಂಜಕದ ಜಾಯಮಾನ ಬೇರೆ. ಮಣ್ಣಿನ ಕಣಗಳಿಗೆ ಅಂಟಿಕೊಂಡು, ಇಡೀ ಹಂಗಾಮಿನಲ್ಲಿ ಕೆಲವೇ ಮಿಲಿಮೀಟರ್ ಚಲಿಸುತ್ತದೆ. ಬೇರುರೋಮಗಳ ಸುತ್ತ ಇದ್ದದ್ದು ಮುಗಿದರೆ ಬೇರು ತಾನೇ ಹೊಸ ಮಣ್ಣಿಗೆ ಹೋಗಬೇಕು, ಇಲ್ಲವೇ ಬೇರಿನ ಜೊತೆ ಬದುಕುವ ಮೈಕೊರೈಜಾ ಶಿಲೀಂಧ್ರದ ಎಳೆಗಳು ತಂದುಕೊಡಬೇಕು. ಮಣ್ಣು ತಣ್ಣಗಿದ್ದರೆ, ಗಟ್ಟಿಯಾಗಿದ್ದರೆ ಬೇರು ಬೆಳೆಯದು. ನೇರಳೆ ಬಣ್ಣ ಆಗಲೇ. ರಸಸಾರವೂ (ಪಿಎಚ್, ಮಣ್ಣಿನ ಹುಳಿ-ಕ್ಷಾರದ ಅಳತೆ) ಅಡ್ಡ ಬರುತ್ತದೆ: 5.5ಕ್ಕಿಂತ ಕೆಳಗೆ ಕಬ್ಬಿಣ ಮತ್ತು ಅಲ್ಯೂಮಿನಿಯಂ, 7.5ರ ಮೇಲೆ ಕ್ಯಾಲ್ಸಿಯಂ ರಂಜಕವನ್ನು ಹಿಡಿದಿಡುತ್ತವೆ.

ಹಾಗಾಗಿ ಬೆಳೆದ ಪೈರಿನ ಮೇಲೆ ಡಿಎಪಿ (ಡೈಅಮೋನಿಯಂ ಫಾಸ್ಫೇಟ್, ರಂಜಕದ ಗೊಬ್ಬರ) ಎರಚುವುದು ನನ್ನ ಪ್ರಕಾರ ಬಹುಮಟ್ಟಿಗೆ ದಂಡ. ಬಿತ್ತುವಾಗಲೇ ಬೀಜದಿಂದ 5 ಸೆಂ.ಮೀ. ಪಕ್ಕಕ್ಕೆ, 5 ಸೆಂ.ಮೀ. ಆಳಕ್ಕೆ ಸಾಲಿನಲ್ಲಿ ಬೀಳಬೇಕು. ಬೀಜಕ್ಕೆ ತಾಗಿದರೆ ಅಮೋನಿಯಾ ಮೊಳಕೆಯನ್ನು ಸುಡುತ್ತದೆ. ಸತುವಿನ ಸಲ್ಫೇಟನ್ನು ಇದರ ಜೊತೆ ಕಲಸಬೇಡಿ, ಎರಡೂ ಸೇರಿ ಕರಗದ ಸತುವಿನ ಫಾಸ್ಫೇಟ್ ಆಗುತ್ತದೆ.

ಗಿಡದೊಳಗೂ ಎಲ್ಲ ಪೋಷಕಾಂಶ ಒಂದೇ ಥರ ಓಡಾಡುವುದಿಲ್ಲ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಕೆಳಗಿನ ಎಲೆ ಮೊದಲು ಕೆಡುತ್ತದೆ. ಕಬ್ಬಿಣ ಹಾಗೆ ಕದಲದು. ಸುಣ್ಣದ ಮಣ್ಣಿನಲ್ಲಿ ಸುಳಿ ಹಳದಿಯಾಗಿ ನರಗಳಷ್ಟೇ ಹಸಿರಿದ್ದರೆ, ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಸಿಂಪಡಿಸಿ. ಆಮೇಲೆ ಬಂದ ಎಲೆಗೆ ಇದು ಹೋಗದ ಕಾರಣ 10–15 ದಿನ ಬಿಟ್ಟು ಮತ್ತೆ ಸಿಂಪಡಿಸಬೇಕು.

ಕ್ಯಾಲ್ಸಿಯಂ ಇನ್ನೂ ಹಟಮಾರಿ. ನೀರು ಎಲ್ಲಿ ಹೆಚ್ಚು ಆವಿಯಾಗುತ್ತದೋ ಅಲ್ಲಿಗೇ ಅದರ ಪಾಲು ಹೋಗುತ್ತದೆ, ಅಂದರೆ ಎಲೆಗೆ; ಕಾಯಿಗೆ ಕಡಿಮೆ. ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದು ಇದರಿಂದಲೇ. ಎಲೆಗೆ ಸಿಂಪಡಿಸಿದ ಕ್ಯಾಲ್ಸಿಯಂ ಕಾಯಿಗೆ ಇಳಿಯುವುದಿಲ್ಲ. ಒಣಗಲು ಬಿಟ್ಟು ಒಮ್ಮೆಲೇ ನೀರು ಕಟ್ಟುವುದನ್ನು ನಿಲ್ಲಿಸಿ, ಕಾಯಿ ಕಚ್ಚುವ ಹೊತ್ತಿನಲ್ಲಿ ಹದ ಒಂದೇ ಸಮ ಇರುವಂತೆ ನೋಡಿಕೊಳ್ಳಿ. ಅಮೋನಿಯಂ ಗೊಬ್ಬರವನ್ನೂ ಪೊಟ್ಯಾಷನ್ನೂ ಆ ಹೊತ್ತಿನಲ್ಲಿ ಅತಿಯಾಗಿ ಕೊಡಬೇಡಿ. ಬೇರಿನಲ್ಲಿ ಅವು ಕ್ಯಾಲ್ಸಿಯಂಗೆ ಪೈಪೋಟಿ ಒಡ್ಡುತ್ತವೆ.