ಚೀನೀ ಅಜ್ಜನ ಊರು ಹುಡುಕುವುದು ಹೇಗೆ?

ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಹಳೇ ವಲಸೆಯ ಬಗ್ಗೆ ಬರೆದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಬರುತ್ತದೆ: "ನಮಗೆ ಮುತ್ತಜ್ಜನ ಅಪ್ಪನ ಹೆಸರೇ ಗೊತ್ತಿಲ್ಲ. ಅಮೆರಿಕದಲ್ಲೇ ಹುಟ್ಟಿ, ಚೀನೀ ಅಕ್ಷರ ಓದೋಕೂ ಬಾರದವರು ಮೂಲ ಹಳ್ಳಿ ಪತ್ತೆ ಹಚ್ಚೋದು ಹೇಗೆ?"

ಮೊದಲು ಸ್ಮಶಾನಕ್ಕೆ ಹೋಗಬೇಕು. ಡಿಎನ್‌ಎ ಪರೀಕ್ಷೆಗೆ ದುಡ್ಡು ಸುರಿಯುವುದು ಆಮೇಲಿನ ಮಾತು. ಹಳೇ ಚೀನೀ ಗೋರಿಕಲ್ಲುಗಳ ಮೇಲೆ ಸತ್ತವರ ಹೆಸರಿನ ಜೊತೆ ಜಿಲ್ಲೆ, ಹಳ್ಳಿಯ ಹೆಸರೂ ಸಾಮಾನ್ಯವಾಗಿ ಇರುತ್ತದೆ. ನಾವು ಊರನ್ನು ಇನಿಷಿಯಲ್‌ನಲ್ಲಿ ಹೊತ್ತು ತಿರುಗುತ್ತೇವಲ್ಲ, ಹಾಗೆ. ಫೋಟೊ ತೆಗೆದು ಓದಬಲ್ಲವರಿಗೆ ತೋರಿಸಿದರೆ ಅರ್ಧ ಕೆಲಸ ಆದಂತೆ.

ಇಡೀ ಚೀನಾ ಜಾಲಾಡಬೇಕಾಗಿಲ್ಲ. ಆಗ ಕ್ಯಾಲಿಫೋರ್ನಿಯಾಕ್ಕೆ ಬಂದವರಲ್ಲಿ ಹೆಚ್ಚಿನವರು ಗುವಾಂಗ್‌ಡಾಂಗ್ ಪ್ರಾಂತ್ಯದವರು, ಅದರಲ್ಲೂ ತೈಷಾನ್, ಕೈಪಿಂಗ್, ಎನ್‌ಪಿಂಗ್, ಶಿನ್‌ಹುಯಿ ಜಿಲ್ಲೆಗಳವರು. 1848ರಲ್ಲಿ ಚಿನ್ನ ಸಿಕ್ಕಿದ ಸುದ್ದಿ ಎಳೆಯಿತು. ಊರಲ್ಲೋ ಜಮೀನು ಸಾಲದು, ಮೇಲೆ ಸ್ಥಳೀಯರಿಗೂ ಹೊರಗಿನಿಂದ ಬಂದು ನೆಲೆಸಿದ್ದ ಹಕ್ಕಾ ಜನರಿಗೂ ವರ್ಷಗಟ್ಟಲೆ ಹೊಡೆದಾಟ. ಅಂದ ಹಾಗೆ, ತೈಷಾನ್‌ಗೆ 1914ರವರೆಗೆ ಶಿನ್ನಿಂಗ್ ಅಂತ ಹೆಸರಿತ್ತು. ಹಳೇ ಕಲ್ಲಿನಲ್ಲಿ ಅದೇ ಇದ್ದರೆ ಗಾಬರಿ ಬೇಡ.

ತಲೆನೋವು ಶುರುವಾಗುವುದು ಸರ್ಕಾರಿ ಕಾಗದದಲ್ಲಿ. 1882ರ ಕಾನೂನು ಚೀನೀ ಕೂಲಿಗಳಿಗೆ ಅಮೆರಿಕದ ಬಾಗಿಲು ಮುಚ್ಚಿತು. ವ್ಯಾಪಾರಿಗಳು, ಅಮೆರಿಕದ ಪೌರರ ಮಕ್ಕಳು ಬರಬಹುದಿತ್ತು. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದವು. "ನಾನು ಇಲ್ಲೇ ಹುಟ್ಟಿದವನು" ಅಂದರೆ ಇಲ್ಲ ಅನ್ನೋಕೆ ಕಾಗದವೇ ಇರಲಿಲ್ಲ. ಹೀಗೆ ಪೌರನಾದವನು ಊರಿಗೆ ಹೋಗಿ ಬಂದು, ಅಲ್ಲಿ ಮಗ ಹುಟ್ಟಿದ ಎಂದು ಬರೆಸುತ್ತಿದ್ದ. ಹುಟ್ಟದೇ ಇದ್ದ ಆ ಮಗನ ಜಾಗ ಇನ್ಯಾರಿಗೋ ಮಾರಾಟವಾಗುತ್ತಿತ್ತು. ಕೊಂಡು ಬಂದವರೇ 'ಕಾಗದದ ಮಕ್ಕಳು'. ಅಂಥ ಕಾನೂನಿನ ಎದುರು ಹೇಳಿದ ಈ ಸುಳ್ಳನ್ನು ತಪ್ಪು ಅನ್ನೋಕೆ ನನಗಂತೂ ಮನಸ್ಸು ಬರುವುದಿಲ್ಲ.

ಇವರನ್ನು ಹಿಡಿಯಲು 1910ರಿಂದ 1940ರವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ವಿಚಾರಣೆ ನಡೆಯಿತು. ನಿಮ್ಮ ಮನೆ ಬಾಗಿಲು ಯಾವ ದಿಕ್ಕಿಗೆ? ಬಾವಿ ಎಲ್ಲಿದೆ? ಪಕ್ಕದ ಮನೆಯಲ್ಲಿ ಯಾರಿದ್ದಾರೆ? ಅಪ್ಪ ಅಂತ ಹೇಳಿಕೊಂಡವನಿಗೂ ಅವೇ ಪ್ರಶ್ನೆ. ತಾಳೆಯಾಗದಿದ್ದರೆ ವಾಪಸ್ ಕಳಿಸುವ ಭಯ. ಹುಡುಗರು ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡೇ ಹಡಗಿನಲ್ಲಿ ಬರುತ್ತಿದ್ದರು.

ಆ ವಿಚಾರಣೆಯ ಕಡತಗಳು ಈಗ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸ್ಯಾನ್ ಬ್ರೂನೋದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಅಂದರೆ ಅಮೆರಿಕ ಸರ್ಕಾರದ ದಾಖಲೆ ಭಂಡಾರದಲ್ಲಿವೆ. ಓದುವಾಗ ಹುಷಾರು. ಅದರಲ್ಲಿರುವ ಅಪ್ಪ, ಅಣ್ಣ, ಬಾವಿ ಎಲ್ಲ ಬೇರೆಯವರದ್ದೇ ಇರಬಹುದು. ಕಾಗದದಲ್ಲಿ ಲೀ ಆಗಿದ್ದವನು ನಿಜದಲ್ಲಿ ವಾಂಗ್ ಇರಬಹುದು. ಎಷ್ಟೋ ಗೋರಿಗಳಲ್ಲಿ ಇಂಗ್ಲಿಷ್ ಸಾಲು ಕಾಗದದ ಹೆಸರು ಹೇಳುತ್ತದೆ, ಚೀನೀ ಸಾಲು ನಿಜವಾದ ಮನೆತನ ಹೇಳುತ್ತದೆ. ಕಲ್ಲು ಮೊದಲು, ಕಡತ ಆಮೇಲೆ ಅನ್ನುವುದು ಇದಕ್ಕೇ.

ಹಳ್ಳಿ ಸಿಕ್ಕರೆ ಅಲ್ಲಿ ವಂಶಾವಳಿ ಪುಸ್ತಕ ಕೇಳಿ. 1966ರಲ್ಲಿ ಶುರುವಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಎಷ್ಟೋ ಪುಸ್ತಕಗಳು ಸುಟ್ಟುಹೋದವು. ಉಳಿದಿದ್ದರೆ ತಲೆಮಾರುಗಳ ಉದ್ದನೆಯ ಸಾಲೇ ಸಿಗುತ್ತದೆ, ಆದರೆ ಗಂಡಸರದ್ದು. ಸೊಸೆಯರು ಜಾಸ್ತಿ ಅಂದರೆ ತವರಿನ ಮನೆತನದ ಹೆಸರಲ್ಲಿ ಇರುತ್ತಾರೆ. ಹೆಣ್ಣುಮಕ್ಕಳನ್ನು ಹಳೇ ಪುಸ್ತಕಗಳಲ್ಲಿ ಬರೆಯದೇ ಬಿಟ್ಟದ್ದೇ ಹೆಚ್ಚು. ಅಜ್ಜಿಯ ಬಗ್ಗೆ ಇನ್ನೂ ಒಂದೆರಡು ವಿಷಯ ಬೇಕಿದ್ದರೆ ಮತ್ತೆ ಸ್ಯಾನ್ ಬ್ರೂನೋ ಕಡತವೇ ಗತಿ. ಹುಡುಗಿಯರ ಪಾದ ಬೆಳೆಯದಂತೆ ಬಿಗಿಯಾಗಿ ಕಟ್ಟುವ ಪದ್ಧತಿ ಚೀನಾದಲ್ಲಿತ್ತು. "ನಿನ್ನ ತಾಯಿ ಪಾದ ಕಟ್ಟಿಸಿಕೊಂಡವಳೋ, ಅಲ್ಲವೋ?" ಅಂತಲೂ ಅಧಿಕಾರಿಗಳು ಕೇಳುತ್ತಿದ್ದರು, ಉತ್ತರವನ್ನೂ ಬರೆದುಕೊಳ್ಳುತ್ತಿದ್ದರು.